ರೂಕಿ ಕಾರ್ಡ್ ಸಿಕ್ಕಿತೇ? ಗ್ರೇಡಿಂಗ್‌ಗೆ ಕಳಿಸುವ ಮೊದಲು ಇಷ್ಟು ಮಾಡಿ

2025ರ ಮಾರ್ಚ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಯುವ ಪಿಚರ್ (ಚೆಂಡೆಸೆಯುವ ಆಟಗಾರ) ಪಾಲ್ ಸ್ಕೀನ್ಸ್ ಅವರ ಒಂದು ಬೇಸ್‌ಬಾಲ್ ಕಾರ್ಡ್ 11.1 ಲಕ್ಷ ಡಾಲರ್‌ಗೆ ಹರಾಜಾಯಿತು. ಪ್ಯಾಕ್ ಒಡೆದಾಗ ಅದು ಸಿಕ್ಕಿದ್ದು 11 ವರ್ಷದ ಹುಡುಗನಿಗೆ. ಇಂಥ ಸುದ್ದಿ ಓದಿದ ಅಪ್ಪ-ಅಮ್ಮ ಮಗನ ಡಬ್ಬಿ ತೆಗೆದು, ಕಾರ್ಡನ್ನು ಅಂಗಿಯ ತುದಿಯಲ್ಲಿ ಉಜ್ಜಿ, ರಬ್ಬರ್ ಬ್ಯಾಂಡ್ ಸುತ್ತಿ ಕಪಾಟಿನಲ್ಲಿಡುತ್ತಾರೆ. ಬೆಲೆ ಅರ್ಧ ಅಲ್ಲೇ ಹೋಯಿತು. ಗ್ರೇಡಿಂಗ್ ಎಂದರೆ ಸಂಸ್ಥೆಯೊಂದು ಕಾರ್ಡಿನ ಸ್ಥಿತಿ ಪರೀಕ್ಷಿಸಿ ಹತ್ತರೊಳಗೆ ಅಂಕ ಕೊಡುವುದು.

ಮೊದಲ ಕೆಲಸ, ಕೈಯಲ್ಲಿರುವುದು ಯಾವ ಕಾರ್ಡೆಂದು ತಿಳಿಯುವುದು. ಆಟಗಾರ ಕೆಳಹಂತದ ಮೈನರ್ ಲೀಗ್‌ನಲ್ಲಿರುವಾಗಲೇ ಬರುವ, ಟಾಪ್ಸ್ ಕಂಪನಿಯ ಬೋಮನ್ ಬ್ರ್ಯಾಂಡಿನ ಮೊದಲ ಕಾರ್ಡ್ ಮೇಲೆ ಈಗ ‘1ಸ್ಟ್’ ಎಂಬ ಗುರುತಿರುತ್ತದೆ. ಅಗ್ರ ಹಂತವಾದ ಮೇಜರ್ ಲೀಗ್ ತಲುಪಿದ ಮೇಲಿನದಕ್ಕೆ ‘ಆರ್‌ಸಿ’ (ರೂಕಿ ಕಾರ್ಡ್, ಅಂದರೆ ಹೊಸ ಆಟಗಾರನ ಕಾರ್ಡ್) ಮುದ್ರೆ. ಈ ಮುದ್ರೆ 2006ರಿಂದ ಬಂದ ಪದ್ಧತಿ. ಮೈಕ್ ಟ್ರೌಟ್ ಅವರ ಬೋಮನ್ ಕಾರ್ಡ್ 2009ರದ್ದು, ಆರ್‌ಸಿ ಮುದ್ರೆಯ ಟಾಪ್ಸ್ ಅಪ್‌ಡೇಟ್ ಕಾರ್ಡ್ 2011ರದ್ದು. 2020ರಲ್ಲಿ 39 ಲಕ್ಷ ಡಾಲರ್ ದಾಟಿದ್ದು 2009ರದ್ದು, ಅದೂ ಒಂದೇ ಪ್ರತಿ ಅಚ್ಚಾಗಿದ್ದ, ಸಹಿ ಇರುವ ಸೂಪರ್‌ಫ್ರ್ಯಾಕ್ಟರ್. ಕಾಗದದ ಸಾದಾ ಬೋಮನ್ ಬೇರೆ, ಹೊಳೆಯುವ ಬೋಮನ್ ಕ್ರೋಮ್ ಬೇರೆ. ಕ್ರೋಮ್‌ನಲ್ಲೂ ಓರೆ ಹಿಡಿದರೆ ಕಾಮನಬಿಲ್ಲು ಕಂಡರೆ ಮಾತ್ರ ರಿಫ್ರ್ಯಾಕ್ಟರ್. ಅದರ ಬಣ್ಣ ಗೋಲ್ಡ್ ಆದರೆ ಅಚ್ಚಾಗುವುದು 50 ಪ್ರತಿ, ಆರೆಂಜ್ 25. ಸಂಖ್ಯೆ ಕಾರ್ಡಿನ ಮೇಲೆಯೇ ಒತ್ತಿರುತ್ತದೆ. ಟಾಪ್ಸ್ ಕಾರ್ಡಿನ ಹಿಂಬದಿಯ ತಳದಲ್ಲಿ ಇರುವೆಗಾತ್ರದ ಕೋಡ್ ಸಂಖ್ಯೆ ಇದೆ. ಬೇರೆ ಚಿತ್ರದ ಅಪರೂಪದ ಪ್ರತಿಗಳನ್ನು ಅದರ ಕೊನೆಯ ಅಂಕಿಗಳಿಂದಲೇ ಗುರುತಿಸುವುದು.

ಎಲ್ಲರೂ ಎಡವುವುದು ತಪಾಸಣೆಯಲ್ಲಿ. ಪಿಎಸ್‌ಎ ಎಂಬ ಗ್ರೇಡಿಂಗ್ ಸಂಸ್ಥೆ ಕೊಡುವ 10 ಮತ್ತು 9ರ ನಡುವೆ ಒಂದೇ ಅಂಕ. ಬೆಲೆ ಮಾತ್ರ ಎಷ್ಟೋ ಸಲ ಅರ್ಧಕ್ಕೂ ಕೆಳಗೆ. ಕೋಣೆಯ ದೊಡ್ಡ ದೀಪ ಆರಿಸಿ, ಒಂದೇ ಎಲ್‌ಇಡಿ ಟೇಬಲ್ ಲ್ಯಾಂಪ್ ಪಕ್ಕದಿಂದ ಬೀಳುವಂತೆ ಇಡಿ. ಕೈ ತೊಳೆದು ಪೂರ್ತಿ ಒಣಗಿಸಿ, ಅಂಚುಗಳನ್ನಷ್ಟೇ ಹಿಡಿಯಿರಿ. ಕಾರ್ಡನ್ನು ನಿಧಾನವಾಗಿ ಓರೆ ಮಾಡುತ್ತಾ ನಾಲ್ಕೂ ದಿಕ್ಕಿಗೆ ತಿರುಗಿಸಿ. ನೇರ, ಸಣ್ಣ ಗೆರೆ ಕಂಡರೆ ಅದು ಅಚ್ಚಿನ ಗೆರೆ. ಕಾರ್ಖಾನೆಯಲ್ಲೇ ಬಂದದ್ದು, ಒರೆಸಿದರೆ ಹೋಗದು, ಅಂಕ ಮಾತ್ರ ಕಳೆಯುತ್ತದೆ. ಸೂಜಿಮೊನೆಯಷ್ಟು ಕುಳಿಯೂ ಹಾಗೆಯೇ. ಬೆರಳಚ್ಚಾದರೆ ಒಣ ಮೈಕ್ರೋಫೈಬರ್ ಬಟ್ಟೆಯಿಂದ, ಭಾರ ಹಾಕದೆ, ಒಂದೇ ದಿಕ್ಕಿಗೆ ಒರೆಸಬಹುದು. ಬಾಯಿಂದ ಉಸಿರು ಊದಬೇಡಿ. ‘ಕಾರ್ಡ್ ಪಾಲಿಶ್’ ಎಂದು ಮಾರುವ ದ್ರವಗಳ ಹತ್ತಿರವೂ ಹೋಗಬೇಡಿ. ಅಂಚು ಕತ್ತರಿಸಿ ನೇರ ಮಾಡುವ ಜಾಣತನವಂತೂ ಬೇಡವೇ ಬೇಡ, ಅಂಥ ಕಾರ್ಡಿಗೆ ಅಂಕವೇ ಸಿಗುವುದಿಲ್ಲ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮೂಲೆಗಳನ್ನು ನೋಡುವಾಗ ಹಿಂಬದಿ ಮರೆಯಬೇಡಿ. ಬಣ್ಣ ಹಾರಿ ಬಿಳಿ ಚುಕ್ಕೆ ಕಾಣುವುದು ಅಲ್ಲಿಯೇ. ಆಮೇಲೆ ಸೆಂಟರಿಂಗ್, ಅಂದರೆ ಚಿತ್ರದ ಎದುರುಬದುರು ಅಂಚುಗಳು ಸಮವಾಗಿವೆಯೇ ಎಂಬುದು. ಪಿಎಸ್‌ಎ 10ಕ್ಕೆ ಮುಂಬದಿ 55/45ರೊಳಗೆ, ಹಿಂಬದಿ 75/25ರೊಳಗೆ ಇರಬೇಕು. ಎಡ ಅಂಚು 1.8 ಮಿ.ಮೀ., ಬಲ ಅಂಚು 2.2 ಎಂದರೆ ಸರಿಯಾಗಿ 55/45. 1.6 ಮತ್ತು 2.4 ಆದರೆ 60/40, ಹತ್ತರ ಆಸೆ ಬಿಡಿ. ಮೇಲೆ-ಕೆಳಗೆಯೂ ಅಳೆಯಿರಿ, ಅದನ್ನು ಬಿಡುವವರೇ ಹೆಚ್ಚು.

ಲೆಕ್ಕ ಸುಲಭ: ಗ್ರೇಡ್ ಇಲ್ಲದ ಬೆಲೆ, ಗ್ರೇಡಿಂಗ್ ಶುಲ್ಕ, ಎರಡೂ ಕಡೆಯ ಅಂಚೆ ಕೂಡಿಸಿ. 9 ಬಂದರೂ ಅಷ್ಟು ಹುಟ್ಟದಿದ್ದರೆ ಕಳಿಸಬೇಡಿ. ಬೆಲೆ ನೋಡಬೇಕಾದ್ದು ಇಬೇಯಲ್ಲಿ ‘ಮಾರಾಟವಾದವು’ ವಿಭಾಗದಲ್ಲಿ, ಮಾರಲು ಇಟ್ಟವರು ಕೇಳುವ ಬೆಲೆಯಲ್ಲಲ್ಲ. ಅಲ್ಲಿಯೂ ಬೆಲೆಯ ಮೇಲೆ ಗೆರೆ ಎಳೆದಿದ್ದರೆ ಚೌಕಾಸಿಯಲ್ಲಿ ಅದಕ್ಕಿಂತ ಕಡಿಮೆಗೆ ಹೋಗಿದೆ ಎಂದರ್ಥ.

ಕಳಿಸುವುದಾದರೆ ಪೆನ್ನಿ ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲ ತೆಗೆದುಕೊಂಡು, ಕಾರ್ಡ್ ಹಾಕುವ ಮೊದಲೇ ಅದರ ಬಾಯಿಯ ಒಂದು ಮೂಲೆಯಲ್ಲಿ ಕತ್ತರಿಯಿಂದ ಸಣ್ಣ ಓರೆ ಸೀಳು ಕೊಡಿ. ಕಾರ್ಡಿನ ಮೂಲೆ ಸಿಕ್ಕಿಕೊಳ್ಳದೆ ಜಾರುತ್ತದೆ. ಮೂಲೆ ಮುರಿಯುವುದು ಹೆಚ್ಚಾಗಿ ಈ ಎರಡು ಸೆಕೆಂಡಿನಲ್ಲಿ. ಸ್ಲೀವ್‌ನ ತಲೆಗೆ ಸಣ್ಣ ಚೀಟಿ ಅಂಟಿಸಿದರೆ ಹೊರಗೆಳೆಯಲು ಹಿಡಿ ಆಯಿತು. ನಂತರ ಕಾರ್ಡ್ ಸೇವರ್ 1 ಎಂಬ ಅರೆಗಟ್ಟಿ ಪ್ಲಾಸ್ಟಿಕ್ ಹೊದಿಕೆಯ ಎರಡು ಪಕ್ಕಗಳನ್ನು ಮೆಲ್ಲನೆ ಒತ್ತಿ, ಬಾಯಿ ತೆರೆದಾಗ ಒಳಗಿಳಿಸಿ. ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಹೊದಿಕೆ ಮನೆಯಲ್ಲಿಡಲು ಸರಿ. ಗ್ರೇಡಿಂಗ್‌ಗೆ ಅರೆಗಟ್ಟಿಯದೇ ಬೇಕು. ಎರಡು ರಟ್ಟಿನ ನಡುವೆ ಇಟ್ಟು ನೀಲಿ ಪೇಂಟರ್ಸ್ ಟೇಪ್ ಸುತ್ತಿ. ಪಾರದರ್ಶಕ ಸೆಲ್ಲೋ ಟೇಪ್ ಅಂಟು ಬಿಡುತ್ತದೆ. ಹಳೆಯ ಪಿವಿಸಿ ಆಲ್ಬಮ್ ಹಾಳೆಗಳಲ್ಲಿ ಉಳಿದ ಕಾರ್ಡುಗಳಿದ್ದರೆ ಇವತ್ತೇ ಹೊರಗೆ ತೆಗೆಯಿರಿ.

ಮಾರುವ ಹೊತ್ತಿನ ಬಗ್ಗೆ ಒಂದು ಮಾತು: ಮೇಜರ್ ಲೀಗ್‌ಗೆ ಕರೆ ಬಂದ ವಾರ ಬೆಲೆ ಏರುತ್ತದೆ, ಆಗಲೇ ಕೈಬಿಡುವುದು ಜಾಣತನ. ಪಿಚರ್‌ಗಳ ವಿಷಯದಲ್ಲಿ ಇನ್ನೂ ಬೇಗ. ಒಂದು ಮೊಣಕೈ ಶಸ್ತ್ರಚಿಕಿತ್ಸೆ ಸಾಕು. ಬ್ಯಾಟರ್‌ಗಳೂ ಹೊರತಲ್ಲ. ಯಾಂಕೀಸ್‌ನ ಜಾಸನ್ ಡೊಮಿಂಗೆಜ್ 2023ರ ಸೆಪ್ಟೆಂಬರ್ 1ರಂದು ಮೊದಲ ಬ್ಯಾಟಿಂಗ್‌ನಲ್ಲೇ ಹೋಮ್ ರನ್ ಹೊಡೆದರು. ಎಂಟೇ ಪಂದ್ಯಗಳಲ್ಲಿ ಮೊಣಕೈ ಗಾಯವಾಗಿ ಋತು ಮುಗಿಯಿತು.

ಗ್ರೇಡ್ ಆದ ಕಾರ್ಡ್ ಬಂದ ದಿನವೇ ಲೇಬಲ್ ಓದಿ. ವರ್ಷ, ಸೆಟ್, ಬಣ್ಣ ಹೊಂದುತ್ತವೆಯೇ? ಗೋಲ್ಡ್ ಕಾರ್ಡಿಗೆ ಬರೀ ‘ರಿಫ್ರ್ಯಾಕ್ಟರ್’ ಎಂದು ಅಚ್ಚಾಗಿದ್ದರೆ ಮಾರಾಟಕ್ಕೆ ಇಡಬೇಡಿ, ವಾಪಸು ಕಳಿಸಿ ತಿದ್ದಿಸಿಕೊಳ್ಳಿ.