ಮೊಟ್ಟೆ, ಅಕ್ಕಿ ಹಿಟ್ಟು ಮತ್ತು ನನ್ನ ಅಮೀಬಾ

ಕೊನೆಗೂ ನಮ್ಮ ಲ್ಯಾಬಿನ ಟ್ಯೂಬಿನಲ್ಲಿ ಅಮೀಬಾ, ಅಂದರೆ ಆಮಶಂಕೆ ತರುವ ಏಕಕೋಶ ಜೀವಿ, ಬೆಳೆಯಿತು. ಸುಮ್ನೆ ನಡುಗಿದ್ದಲ್ಲ, ಕಾಲು ಚಾಚಿ ಜಾರಿಕೊಂಡು ಹೋಯಿತು. "ಅಷ್ಟು ಮೊಟ್ಟೆಗೆ ಆಮ್ಲೆಟ್ ಹಾಕಿದ್ರೆ ಆಗ್ತಿತ್ತು ಸಾರ್" ಅಂತ ಆರು ತಿಂಗಳು ಆಡಿಕೊಂಡವರೇ ಆ ದಿನ ಮೈಕ್ರೋಸ್ಕೋಪ್ ಬಿಟ್ಟು ಏಳಲಿಲ್ಲ.

ಬೆಳೆಸಲೇಬೇಕು ಅನ್ನೋ ಹಟ ಹುಟ್ಟಿದ್ದು ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್ ಡಿಪ್ಲೊಮಾ) ಹುಡುಗರಿಂದ. ಅವರು ನೋಡಿದ್ದೆಲ್ಲ ಬಣ್ಣ ಹಾಕಿದ ಹಳೇ ಸ್ಲೈಡ್. ಮಲದಲ್ಲಿ ಬಿಳಿ ರಕ್ತಕಣ ಕಂಡರೂ ಅಮೀಬಾ ಅಂತ ಬರೆದುಬಿಡುತ್ತಾರೆ. ಜೀವಂತ ಅಮೀಬಾ ಒಮ್ಮೆ ನೋಡಿದರೆ ಆ ತಪ್ಪು ಆಗಲ್ಲ.

ವಿಧಾನ ನನ್ನದಲ್ಲ, 1925ರ ಬೋಕ್-ಡ್ರಬೊಹ್ಲಾವ್ ಅವರದು. ಅಮೀಬಾ ಬೆಳೆಯೋಕೆ ಮೊಟ್ಟೆಯ ಹಾಸಿಗೆ: ನಾಲ್ಕು ಮೊಟ್ಟೆಗೆ 50 ಮಿಲಿ ಲಾಕ್ ದ್ರಾವಣ (ಒಂದು ಬಗೆಯ ಉಪ್ಪು ನೀರು). ಮೊದಲ ಸಲ ಅವಸರಪಟ್ಟು ನೇರ ಆಟೋಕ್ಲೇವ್‌ಗಿಟ್ಟೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ). ಉಬ್ಬಿ ಇಡ್ಲಿ ಥರ ತೂತು ತೂತಾಯಿತು. ಆಮೇಲೆ 80 ಡಿಗ್ರಿ ಆಸುಪಾಸಿನಲ್ಲಿ ನಿಧಾನಕ್ಕೆ ಗಟ್ಟಿ ಮಾಡಿದೆ. ಸ್ಲಾಂಟ್, ಅಂದರೆ ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾದ ಮೊಟ್ಟೆ, ಚೆನ್ನಾಗಿ ಬಂತು, ಆದರೆ ಎರಡೇ ದಿನಕ್ಕೆ ಬ್ಯಾಕ್ಟೀರಿಯಾ ತುಂಬಿ ಗಬ್ಬು ನಾತ. ಇನ್ನೊಂದು ಸಲ ರಾತ್ರಿಯೆಲ್ಲ ಕರೆಂಟ್ ಇಲ್ಲ, ಇನ್‌ಕ್ಯುಬೇಟರ್ ತಣ್ಣಗೆ. ಮೊಟ್ಟೆ, ಟ್ಯೂಬ್, ಸೀರಂ ಸೇರಿ ಮೂರು ಸಾವಿರ ಚಿಲ್ಲರೆ ಹೋಯಿತು, ಅದೂ ನನ್ನ ಜೇಬಿಂದ. ಮೊಟ್ಟೆ ಬಿಲ್ಲನ್ನು ಯಾವ ಆಫೀಸು ಪಾಸ್ ಮಾಡುತ್ತೆ ಹೇಳಿ!

ಗೆದ್ದಿದ್ದು ಬಿಸಿಯಿಂದ. ಟ್ಯೂಬನ್ನು ಮೊದಲೇ 37 ಡಿಗ್ರಿಗೆ ಬೆಚ್ಚಗಿಟ್ಟೆ. ರಕ್ತ, ಲೋಳೆ ಇದ್ದ ಮಲ ಕೈಗೆ ಬಂದ ಅರ್ಧ ಗಂಟೆಯೊಳಗೆ ಬಟಾಣಿಯಷ್ಟು ಹಾಕಿದೆ. ಆಂಟಿಬಯೋಟಿಕ್ ಒಂಚೂರು, ಬ್ಯಾಕ್ಟೀರಿಯಾ ಪೂರ್ತಿ ಸತ್ತರೆ ಅಮೀಬಾಗೂ ಊಟ ಇಲ್ಲ. ಎಷ್ಟು ಅಂತ ಮಾತ್ರ ಕೇಳಬೇಡಿ, ನನ್ನ ಮೂರು ಸಾವಿರ ಹೋಗಿದ್ದೇ ಆ ಅಳತೆ ಹುಡುಕೋಕೆ. ಅಮೀಬಾ ತಿನ್ನಲಿ ಅಂತ ಹಾಕುವ ಅಕ್ಕಿ ಹಿಟ್ಟು ಒಣ ಬಿಸಿಯಲ್ಲೇ ಸ್ಟೆರಿಲೈಸ್ ಆಗಬೇಕು, ಹಬೆ ತಾಗಿದರೆ ಗಂಜಿ.

48 ಗಂಟೆ ಬಿಟ್ಟು ತಳದಿಂದ ಪಿಪೆಟ್‌ನಲ್ಲಿ ತೆಗೆದರೆ ಹೊಟ್ಟೆ ತುಂಬ ಅಕ್ಕಿ ತುಂಬಿಕೊಂಡ ಅಮೀಬಾ. ಅಯೋಡಿನ್ ಹಾಕಿದೆ, ಪಾಪ ಸತ್ತಿತು, ಆದರೆ ಒಳಗಿನ ಅಕ್ಕಿ ಕಡುನೀಲಿ! ರೋಗ ತರುವ ಹಿಸ್ಟೋಲಿಟಿಕಾ ಮತ್ತು ನಿರುಪದ್ರವಿ ಡಿಸ್ಪಾರ್, ಈ ಎರಡು ಅಮೀಬಾ ನೋಡೋಕೆ ಒಂದೇ ಥರ ಅಲ್ವಾ, ಇದು ಯಾವುದು ಅಂತೀರಾ? ಈ ರೋಗಿಯ ಹಸಿ ಸ್ಲೈಡಿನಲ್ಲಿ ಅಮೀಬಾ ಒಳಗೆ ಕೆಂಪು ರಕ್ತಕಣ ಇತ್ತು, ಅದಕ್ಕೇ ಹಿಸ್ಟೋಲಿಟಿಕಾ ಅನ್ನುತ್ತಿದ್ದೇನೆ.

ನಡುವೆ ರಾಗಿ ಹಿಟ್ಟೂ ಹಾಕಿ ನೋಡಿದೆ. ಅದರಲ್ಲಿ ಸಿಪ್ಪೆಯ ಹೊಟ್ಟು ಜಾಸ್ತಿ, ಸ್ಲೈಡಿನಲ್ಲಿ ಏನೂ ಕಾಣಲಿಲ್ಲ. ಎರಡು ಟ್ಯೂಬಿಗೆ ಕರುಳಿನ ಇನ್ನೊಂದು ಸೂಕ್ಷ್ಮಜೀವಿ ಬ್ಲಾಸ್ಟೋಸಿಸ್ಟಿಸ್ ಕರೆಯದ ನೆಂಟನ ಹಾಗೆ ಬಂದು ಕೂತಿತು. ಅದಕ್ಕೆ ಏನೂ ಮಾಡಬೇಕಿಲ್ಲ, ತಾನೇ ಬೆಳೆಯುತ್ತೆ.

ಈಗ ಇಪ್ಪತ್ತನೇ ಸಬ್‌ಕಲ್ಚರ್ (ಹಳೇ ಟ್ಯೂಬಿಂದ ಹೊಸದಕ್ಕೆ ವರ್ಗಾವಣೆ) ಇರಬೇಕು. ಎರಡು ಮೂರು ದಿನಕ್ಕೊಮ್ಮೆ ಹೊಸ ಟ್ಯೂಬಿಗೆ ಹಾಕಲೇಬೇಕು, ಭಾನುವಾರವೂ ಬಿಡುವಿಲ್ಲ. "ಅಮೀಬಾಗೆ ಊಟ ಹಾಕೋಕೆ ಹೊರಟ್ರಾ?" ಅಂತಾಳೆ ನನ್ನ ಹೆಂಡತಿ.