ಗೀಸರ್ 55 ಡಿಗ್ರಿಗೆ ನಿಂತ ಬಗೆ: ನನ್ನ ಅನುಭವ

ಗೀಸರ್ ನೀರಿನ ಬಿಸಿಯನ್ನು 55 ಡಿಗ್ರಿಗೆ ಇಳಿಸಿದರೆ ಸ್ನಾನಕ್ಕೆ ನೀರು ಸಾಲದು ಅಂತ ನನ್ನ ಜೊತೆ ಗೀಸರ್ ರಿಪೇರಿ ಮಾಡುವವರೇ ವಾದಿಸಿದ್ದರು. ಎರಡು ಚಳಿಗಾಲ ಕಳೆದಿವೆ, ನಾನು ಹೊಂದಿಸಿದ ಒಂದು ಮನೆಯಿಂದಲೂ ದೂರು ಬಂದಿಲ್ಲ. 15 ಲೀಟರ್ ನೀರು 60ರಲ್ಲಿದ್ದರೆ, 22ರ ತಣ್ಣೀರು ಬೆರೆಸಿ 40ರ ಹದಕ್ಕೆ ತಂದಾಗ 31 ಲೀಟರ್ ಚಿಲ್ಲರೆ ಆಗುತ್ತದೆ. 55ರಲ್ಲಿದ್ದರೆ 27. ಕಡಿಮೆಯಾಗುವುದು ನಾಲ್ಕು ಮಗ್ ನೀರು, ಅಷ್ಟೇ. ಚರ್ಮಕ್ಕೆ ಮಾತ್ರ ಈ 5 ಡಿಗ್ರಿ ಬಹಳ ದೊಡ್ಡದು. 60ರ ನೀರು ದೊಡ್ಡವರನ್ನೂ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, 55ರಲ್ಲಿ ಅರ್ಧ ನಿಮಿಷದ ಹತ್ತಿರ ಸಿಗುತ್ತದೆ. ಮಕ್ಕಳಿಗೆ, ವಯಸ್ಸಾದವರಿಗೆ ಅದಕ್ಕಿಂತ ಕಡಿಮೆ. ಹಾಗಂತ 50ಕ್ಕಿಂತ ಕೆಳಗೂ ಇಳಿಸಬಾರದು, ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಮೊದಲು ಸೋತದ್ದು, ನೀರು ಹದಕ್ಕೆ ಕಾದಾಗ ಕರೆಂಟ್ ಕಡಿಯುವ ಥರ್ಮೋಸ್ಟ್ಯಾಟ್ ಮೇಲಿನ ಗುರುತನ್ನು ನಂಬಿ. ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಕೆಳಗಿನ ಮುಚ್ಚಳ ತೆಗೆದು ಸ್ಕ್ರೂವನ್ನು 55ಕ್ಕೆ ತಿರುಗಿಸಿದರೂ ನಲ್ಲಿಯಲ್ಲಿ 68 ಬರುತ್ತಿತ್ತು. ಥರ್ಮೋಸ್ಟ್ಯಾಟ್ ಎರಡು ಸಲ ಬದಲಿಸಿ ಆರೇಳು ನೂರು ರೂಪಾಯಿ ನೀರಿಗೆ ಹಾಕಿದಂತಾಯಿತು. ತಪ್ಪು ಅದರದ್ದಲ್ಲ. ನೀರು ಕಾಯಿಸುವ ಕಾಯಿಲ್ ಬಿಚ್ಚಿ ನೋಡಿದರೆ ಥರ್ಮೋಸ್ಟ್ಯಾಟ್ ಕೂರುವ ಕೊಳವೆಯ ಸುತ್ತ ಬೋರ್ ನೀರಿನ ಸುಣ್ಣ ಮೊಟ್ಟೆಯ ಸಿಪ್ಪೆಗಿಂತ ದಪ್ಪಗೆ ಕಟ್ಟಿತ್ತು, ಉಗುರಿನಲ್ಲಿ ಕೆರೆದರೆ ಹಪ್ಪಳದಂತೆ ಚೂರು ಚೂರಾಗಿ ಬಿತ್ತು. 2000 ವಾಟ್ ಕಾಯಿಲ್ 15 ಲೀಟರ್ ನೀರನ್ನು ನಿಮಿಷಕ್ಕೆ ಸುಮಾರು 2 ಡಿಗ್ರಿ ಏರಿಸುತ್ತದೆ. ಆ ಪೊರೆ ದಾಟಿ ಶಾಖ ಒಳಗೆ ಮುಟ್ಟುವುದು ಐದು ನಿಮಿಷ ತಡವಾದರೆ 10 ಡಿಗ್ರಿ ಹೆಚ್ಚಾಗಿರುತ್ತದೆ.

ಆದ್ದರಿಂದ ಮೊದಲು ಪೊರೆ, ಆಮೇಲೆ ಸ್ಕ್ರೂ. ಟ್ಯಾಂಕ್ ಖಾಲಿ ಮಾಡಿ ಕಾಯಿಲ್ ಹೊರತೆಗೆದು, ಬಿಸಿನೀರಿನಲ್ಲಿ ಲೀಟರಿಗೆ 40 ಗ್ರಾಂ ಸಿಟ್ರಿಕ್ ಆಸಿಡ್ ಕಲಸಿ, ತಂತಿ ಸೇರುವ ಟರ್ಮಿನಲ್‌ಗೆ ನೀರು ತಾಗದಂತೆ ಎರಡು ಗಂಟೆ ನೆನೆಹಾಕುತ್ತೇನೆ. ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ, ತಾಮ್ರವನ್ನೂ ಟ್ಯಾಂಕಿನ ಒಳಲೇಪನವನ್ನೂ ತಿನ್ನುತ್ತದೆ. ಎರಡು ಗಂಟೆಯನ್ನು ಅರ್ಧಕ್ಕಿಳಿಸುವ ದಾರಿ ನನಗೆ ಗೊತ್ತು, ಅದು ನನ್ನ ಹತ್ತಿರವೇ ಇರಲಿ. ಕಾಯಿಲ್ ಮತ್ತೆ ಕೂರಿಸುವಾಗ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದೇ ಹಾಕಬೇಕು. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಹೋಗಿ ನೀರು ಒಂದೇ ಸಮ ಬರುವ ತನಕ ಸ್ವಿಚ್ ಮುಟ್ಟಬಾರದು, ಒಣ ಕಾಯಿಲ್ ಸುಟ್ಟುಹೋಗುತ್ತದೆ.

ಅಳೆಯುವುದರಲ್ಲೂ ಒಂದು ಸಲ ಮೋಸಹೋದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ, ಕಡ್ಡಿ ಇರುವ ಡಿಜಿಟಲ್ ಥರ್ಮಾಮೀಟರ್ ಸಾಕು. ಆದರೆ ಒಮ್ಮೆ ಕಾಯಿಸಿ ಅಳೆದರೆ ಸಾಲದು. ಮನೆಯಲ್ಲಿ ಕೈ ತೊಳೆಯಲು ಒಂದೊಂದು ಮಗ್ ಬಿಡುತ್ತಿರುತ್ತಾರೆ. ಪ್ರತಿಸಲವೂ ತಣ್ಣೀರು ಕೆಳಗೆ ಬಂದು ಕಾಯಿಲ್ ಮತ್ತೆ ಹೊತ್ತುತ್ತದೆ, ಮೇಲಿನ ಬಿಸಿನೀರು ಇನ್ನಷ್ಟು ಕಾಯುತ್ತದೆ. ಮೊದಲ ಸಲ 55 ತೋರಿಸಿದ ಗೀಸರ್ ನಾಲ್ಕನೆಯ ಸಲಕ್ಕೆ 62 ತೋರಿಸಿದ್ದುಂಟು. ಅದಕ್ಕೇ ಮೂರು ಸಲ ಎರಡೆರಡು ಲೀಟರ್ ಬಿಟ್ಟು, ಗೀಸರಿನ ದೀಪ ಆರಿದ ಮೇಲೆ ಸ್ಟೀಲ್ ಲೋಟದಲ್ಲಿ ಹಿಡಿದು, ಬಂದದ್ದರಲ್ಲಿ ಹೆಚ್ಚಿನದನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ. ಆ ಅಂಕಿ 55 ದಾಟದಂತೆ ಸ್ಕ್ರೂ ಕೂದಲೆಳೆಯಷ್ಟೇ ಸರಿಸುತ್ತೇನೆ.

ಟೈಮರ್ ಹಾಕಿಯೂ ನೋಡಿದೆ, 20 ನಿಮಿಷಕ್ಕೆ ಆರುವ ಹಾಗೆ. ಡಿಸೆಂಬರಿನಲ್ಲಿ ಸಿಂಟೆಕ್ಸ್ ನೀರು 20 ಡಿಗ್ರಿ, ಏಪ್ರಿಲ್ ಮಧ್ಯಾಹ್ನ 30 ದಾಟಿರುತ್ತದೆ. ಅದೇ 20 ನಿಮಿಷಕ್ಕೆ ಒಮ್ಮೆ 56, ಇನ್ನೊಮ್ಮೆ 66. ವೋಲ್ಟೇಜ್ 230ರಿಂದ 200ಕ್ಕೆ ಬಿದ್ದರೆ 2000 ವಾಟ್ 1500ಕ್ಕೆ ಇಳಿಯುತ್ತದೆ. ಮರೆವಿಗೆ ಟೈಮರ್ ಒಳ್ಳೆಯದು, ಹದಕ್ಕಲ್ಲ.

ಕಟ್‌ಔಟ್ (ನೀರು ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಭಾಗ) ಪದೇ ಪದೇ ಬಿದ್ದರೆ ಕೆಲವರು ತಂತಿ ಸೇರಿಸಿ ನೇರ ಕೊಡುತ್ತಾರೆ, ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ ಅಂತ ಪ್ಲಗ್ ಹಾಕುತ್ತಾರೆ. ಎರಡೂ ಸೇರಿದರೆ ಟ್ಯಾಂಕ್ ಸಿಡಿಯಬಹುದು. ಅಂಥ ಗೀಸರಿನಲ್ಲಿ ಸ್ಕ್ರೂಗೆ ಕೈ ಹಾಕುವ ಮೊದಲು ಇವೆರಡನ್ನು ಸರಿಮಾಡುತ್ತೇನೆ, ಒಪ್ಪದಿದ್ದರೆ ಕೆಲಸವೇ ಬೇಡ.

ಕೆಲಸ ಮುಗಿಸಿ ಹೊರಡುವಾಗ ಮನೆಯವರಿಗೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡಲು ಹೇಳುತ್ತೇನೆ. ಊರಿಗೆ ಹೋಗಿ ವಾರ ಬಿಟ್ಟು ಬಂದರೆ ಹಳೆಯ ನೀರನ್ನು ಪೂರ್ತಿ ಹೊರಬಿಟ್ಟು, ಹೊಸ ನೀರು ತುಂಬಿದ ಮೇಲೆಯೇ ಸ್ವಿಚ್.