ಬ್ಯಾಗ್ ತುಂಬುವ ಲೆಕ್ಕ ಕಾಲಿನಿಂದ ಶುರು

ಮೇ ರಜೆ ಹತ್ತಿರ ಬಂದರೆ ಮುಂಬಯಿ ಕಡೆಯ ಮಾಟುಂಗಾ, ಮುಲುಂಡ್, ಡೊಂಬಿವಲಿ ಮನೆಗಳ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್, ಒಟ್ಟು ಹತ್ತು ದಿನ. ಮಂಚದ ಮೇಲೆ ದಿನಕ್ಕೊಂದರ ಲೆಕ್ಕದಲ್ಲಿ ಹತ್ತು ಟಾಪು ರಾಶಿ ಬೀಳುತ್ತವೆ. ಆ ಹಳದಿ ಕುರ್ತಿಗೆ ಆ ಒಂದೇ ಲೆಗ್ಗಿಂಗ್, ಆ ಲೆಗ್ಗಿಂಗ್‌ಗೆ ಬೇರೆ ಚಪ್ಪಲಿ, ಚಪ್ಪಲಿಗೆ ಇನ್ನೊಂದು ಚೀಲ. ಇಪ್ಪತ್ತಮೂರು ಕೆಜಿ ತುಂಬಿರುತ್ತದೆ, ಆದರೂ ನಾಲ್ಕನೇ ದಿನ ಹಾಕಿಕೊಳ್ಳಲು ಏನೂ ಇಲ್ಲ ಅನ್ನಿಸುತ್ತದೆ.

ಟಾಪಿನಿಂದ ಆರಿಸಲು ಹೊರಟದ್ದೇ ತಪ್ಪು. ಆರಿಸಬೇಕಾದ್ದು ಕೆಳಗಿನಿಂದ ಮೇಲಕ್ಕೆ: ಮೊದಲು ಶೂ, ಆಮೇಲೆ ಪ್ಯಾಂಟು, ಕೊನೆಗೆ ಟಾಪು.

ಹವೆ ನೋಡಿಕೊಳ್ಳಿ

ಜೂನ್‌ನಲ್ಲಿ ಪ್ಯಾರಿಸ್‌ನ ಮಧ್ಯಾಹ್ನ 23 ಡಿಗ್ರಿಯ ಆಸುಪಾಸು, ರಾತ್ರಿ 13ರ ಹತ್ತಿರ. ರೋಮ್‌ನಲ್ಲಿ ಮಧ್ಯಾಹ್ನ 30ರ ಹತ್ತಿರ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಕ್ ಎಂಬ ಬೆಟ್ಟದ ತಾಣ 3454 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲೂ ಅಲ್ಲಿ ಹಿಮ, ಶೂನ್ಯದ ಸುತ್ತಮುತ್ತಲಿನ ಚಳಿ. ಆದರೆ ಅಲ್ಲಿರುವುದು ಅರ್ಧ ದಿನ. ಆ ಅರ್ಧ ದಿನಕ್ಕೆಂದು ಬ್ಯಾಗಿನ ಅರ್ಧ ತುಂಬಬೇಡಿ.

ಶೂ: ಎರಡೇ ಜೊತೆ

ಒಂದು ನಡೆಯುವ ಸ್ನೀಕರ್, ಇನ್ನೊಂದು ಹಿಂಬದಿಗೆ ಪಟ್ಟಿ ಇರುವ ಚಪ್ಪಟೆ ಸ್ಯಾಂಡಲ್. ಸ್ನೀಕರ್ ಅಪ್ಪಟ ಬಿಳಿ ಬೇಡ, ತಿಳಿ ಬೂದು ಅಥವಾ ಕೆನೆ ಬಣ್ಣ ಇರಲಿ. ರೋಮ್‌ನ ಹಳೇ ಬೀದಿಗಳಲ್ಲಿ ನೆಲಕ್ಕೆ ಹಾಸಿದ್ದು ಚೌಕ ಕಲ್ಲು. ಕಲ್ಲು ಕಲ್ಲಿನ ನಡುವೆ ಸಂದು. ಹೀಲ್ಸ್ ಹಾಕಿದವರು ಹತ್ತು ಹೆಜ್ಜೆಗೇ ಗಂಡನ ತೋಳು ಹಿಡಿಯಬೇಕಾಗುತ್ತದೆ.

ಹೊಸ ಶೂ ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಒಂಬತ್ತು ಗಂಟೆ ವಿಮಾನದಲ್ಲಿ ಕೂತರೂ ಹಾಗೇ ಊದುತ್ತದೆ. ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಉಳಿಯಬೇಕು. ಹೊರಡುವ ಮೂರು ವಾರ ಮೊದಲೇ ಕೊಂಡು ಶಿವಾಜಿ ಪಾರ್ಕ್ ಕಟ್ಟೆಗೋ ನಿಮ್ಮ ಹತ್ತಿರದ ಮೈದಾನಕ್ಕೋ ವಾರಕ್ಕೆರಡು ಬಾರಿ ಹೋಗಿ ನಾಲ್ಕೈದು ಸುತ್ತು ಹಾಕಿ. ಗುಳ್ಳೆ ಏಳುವುದಿದ್ದರೆ ಇಲ್ಲೇ ಏಳಲಿ.

ಕಪಾಟಿನಲ್ಲಿ ನಾಲ್ಕು ವರ್ಷ ಇಟ್ಟ, ಎರಡೇ ಸಲ ಹಾಕಿದ ‘ಹೊಸ’ ಶೂ ನಂಬಬೇಡಿ. ಪಾಲಿಯುರೆಥೇನ್ ಎಂಬ ಹಗುರ ಪ್ಲಾಸ್ಟಿಕ್ಕಿನ ಅಡಿ ಇರುವ ಶೂಗಳಿಗೆ ಮುಂಬಯಿಯ ಮಳೆಗಾಲದ ತೇವ ವಿಷವಿದ್ದಂತೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಒಳಗಿಂದ ಅಡಿ ಪುಡಿಯಾಗುತ್ತಿರುತ್ತದೆ. ಎರಡು ದಿನ ನಡೆದರೆ ಬಾಯಿ ಬಿಡುತ್ತದೆ. ಉಗುರಿನಿಂದ ಅಡಿಯ ಪಕ್ಕವನ್ನು ಒತ್ತಿ ನೋಡಿ. ಅಂಟಂಟಾಗಿದ್ದರೆ ಅಥವಾ ಚೂರು ಉದುರಿದರೆ ಬಿಟ್ಟುಬಿಡಿ.

ಪ್ಯಾಂಟು: ಮೂರು, ಎಲ್ಲವೂ ಒಂದೇ ಮನೆತನದವು

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನಕ್ಕೆ ಓದಿ.

ಮೊದಲು ಒಂದು ಮೂಲ ಬಣ್ಣ ಹಿಡಿಯಿರಿ: ನೇವಿ (ಕಡು ನೀಲಿ), ಕಪ್ಪು ಅಥವಾ ಆಲಿವ್. ಮೂರರಲ್ಲಿ ಒಂದೇ. ನೇವಿಯೇ ಒಳ್ಳೆಯದು. ಕಪ್ಪಿನ ಮೇಲೆ ಧೂಳು, ನೂಲು, ವಿಮಾನದ ಕಂಬಳಿಯ ಜುಂಗು ಎಲ್ಲವೂ ಕಾಣುತ್ತವೆ, ನೇವಿಯ ಮೇಲೆ ಅಷ್ಟು ಕಾಣುವುದಿಲ್ಲ. ನಮ್ಮ ಮೈಬಣ್ಣಕ್ಕೂ ನೇವಿ ಹೊಂದುತ್ತದೆ. ಮೂರರಲ್ಲಿ ಎರಡು ಮೂಲ ಬಣ್ಣದವು. ಮೂರನೆಯದು ತಿಳಿ ಬಣ್ಣದ್ದು: ಮರಳು, ಖಾಕಿ, ಬೂದು. ಅಪ್ಪಟ ಬಿಳಿ ಪ್ಯಾಂಟು ಫೋಟೋದಲ್ಲಿ ಚೆಂದ, ರೈಲಿನ ಸೀಟಿನ ಮೇಲೆ ಅಲ್ಲ.

ಅಂಗಡಿಯ ಎಲ್‌ಇಡಿ ಬೆಳಕಿನಲ್ಲಿ ನೇವಿ ಮತ್ತು ಕಪ್ಪು ಒಂದೇ ಥರ ಕಾಣುತ್ತವೆ. ಎರಡು ನೇವಿ ಕೊಂಡೆವು ಅಂದುಕೊಂಡು ಮನೆಗೆ ಬಂದರೆ ಒಂದು ನೇರಳೆ ಕಡೆಗೆ, ಒಂದು ಹಸಿರು ಕಡೆಗೆ. ಅರಿವೆಯನ್ನು ಬಾಗಿಲ ಬಳಿ ತಂದು ಹಗಲು ಬೆಳಕಿಗೆ ಹಿಡಿದು ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬಣ್ಣದ ನಂತರ ಅರಿವೆ. ಅಪ್ಪಟ ಲಿನನ್‌ಗೆ ಹವೆ ಆಡುತ್ತದೆ, ಆದರೆ ಒಂದು ಬಸ್ ಪ್ರಯಾಣಕ್ಕೇ ಮೊಣಕಾಲಿನ ಹಿಂದೆ ಹತ್ತು ಗೆರೆ. ಸುಕ್ಕೇ ಸೊಗಸು ಎನ್ನುವವರು ತೆಗೆದುಕೊಳ್ಳಲಿ. ಉಳಿದವರಿಗೆ ಲಿನನ್ ಮತ್ತು ವಿಸ್ಕೋಸ್ (ಒಂದು ಬಗೆಯ ರೇಯಾನ್) ಬೆರಕೆ ಅಥವಾ ನೇಯ್ಗೆಯಲ್ಲೇ ಸುಕ್ಕು ಕೂಡಿಸಿದ ಕ್ರಿಂಕಲ್ ಹತ್ತಿ. ಮುಷ್ಟಿ ಪರೀಕ್ಷೆ ಮಾಡಿ: ಅರಿವೆಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಇಪ್ಪತ್ತು ಎಣಿಸಿ, ಬಿಟ್ಟು ಕೈಯಿಂದ ಒಮ್ಮೆ ಸವರಿ. ಗೆರೆ ಹಾಗೇ ನಿಂತರೆ ಹೋಟೆಲಿನಲ್ಲಿ ಇಸ್ತ್ರಿ ಹುಡುಕಬೇಕಾಗುತ್ತದೆ. ಎಷ್ಟೋ ಸಣ್ಣ ಹೋಟೆಲುಗಳ ರೂಮಿನಲ್ಲಿ ಅದು ಇರುವುದಿಲ್ಲ.

ರಸ್ತೆ ಬದಿಯಲ್ಲಿ ‘ಲಿನನ್, ಲಿನನ್’ ಎಂದು ಕೂಗಿ ಮಾರುವುದರಲ್ಲಿ ಬಹುಪಾಲು ಪಾಲಿಯೆಸ್ಟರ್. ಹೊಲಿಗೆಯ ಒಳಗಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉದುರಿದರೆ ಹತ್ತಿ, ಲಿನನ್ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ರೋಮ್‌ನ ಮಧ್ಯಾಹ್ನಕ್ಕೆ ಪಾಲಿಯೆಸ್ಟರ್ ಪ್ಯಾಂಟೆಂದರೆ ಶಿಕ್ಷೆ.

ಹೊಲಿಸುವುದಿದ್ದರೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಮಂಗಳದಾಸ್ ಮಾರ್ಕೆಟಿಗೆ ಹೋಗಿ, ಭಾನುವಾರ ಬಿಟ್ಟು. ಪನ್ನಾ, ಅಂದರೆ ಅರಿವೆಯ ಅಗಲ, ಎಷ್ಟೆಂದು ಮೊದಲು ಕೇಳಿ. 58 ಇಂಚಿನ ಪನ್ನಾ ಇದ್ದರೆ ಪ್ಯಾಂಟಿಗೆ ಒಂದೂವರೆ ಮೀಟರ್ ಸಾಕು, 44 ಇದ್ದರೆ ಎರಡೂಕಾಲು ಬೇಕು. ಟೈಲರ್‌ಗೆ ಕೊಡುವ ಮೊದಲು ಅರಿವೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ. ಹತ್ತಿ ಮತ್ತು ಲಿನನ್ ಮೊದಲ ನೀರಿಗೇ ನೂರಕ್ಕೆ ಮೂರರಿಂದ ಐದರಷ್ಟು ಕುಗ್ಗಬಹುದು. ಮೀಟರ್ ಉದ್ದದ ಪ್ಯಾಂಟು ಮೂರರಿಂದ ಐದು ಸೆಂಟಿಮೀಟರ್ ಗಿಡ್ಡವಾದರೆ ಕಣಕಾಲ ಮೇಲೆ ನಿಂತುಕೊಳ್ಳುತ್ತದೆ. ಉದ್ದದ ಅಳತೆ ಕೊಡುವಾಗ ಹಾಕಿಕೊಳ್ಳಲಿರುವ ಶೂ ಕಾಲಲ್ಲೇ ಇರಲಿ. ಶೂ ಮೊದಲು ಕೊಳ್ಳಿ ಎಂದದ್ದು ಇದಕ್ಕೇ.

ಜೀನ್ಸ್? ಒಂದು ಸಾಕು, ಅದೂ ಆ ಮೂರರಲ್ಲೇ ಒಂದಾಗಿ. ಒಂದು ಜೀನ್ಸ್‌ನ ತೂಕಕ್ಕೆ ಎರಡು ಲಿನನ್ ಪ್ಯಾಂಟು ಬರುತ್ತವೆ. ಅದನ್ನು ಒಗೆದು ಹಾಕಿದರೆ ಮರುದಿನ ಬೆಳಿಗ್ಗೆಯೂ ಸೊಂಟಪಟ್ಟಿ ಹಸಿ. ಮೊಣಕಾಲಲ್ಲಿ ಜಿಪ್ ಬಿಚ್ಚಿ ಚಡ್ಡಿ ಮಾಡಿಕೊಳ್ಳುವ ಪ್ಯಾಂಟುಗಳನ್ನು ಯಾರು ಹೊಗಳಿದರೂ ಕೊಳ್ಳಬೇಡಿ. ಪ್ಯಾಂಟಾಗಿಯೂ ಚೆಂದವಿಲ್ಲ, ಚಡ್ಡಿಯಾಗಿಯೂ ಚೆಂದವಿಲ್ಲ.

ಟಾಪು: ಐದು

ಮೂರು ಪ್ಲೇನ್, ಎರಡು ಪ್ರಿಂಟ್. ಪ್ರಿಂಟ್‌ನ ಒಳಗೆ ಎಲ್ಲೋ ಒಂದು ಕಡೆ ನಿಮ್ಮ ಮೂಲ ಬಣ್ಣ ಇರಲೇಬೇಕು, ಚಿಕ್ಕ ಹೂವಿನ ತೊಟ್ಟಾದರೂ ಸರಿ. ಆಗ ಅದು ಮೂರೂ ಪ್ಯಾಂಟಿಗೆ ತಾನಾಗಿ ಹೊಂದುತ್ತದೆ. ಪರೀಕ್ಷೆ ಹೀಗೆ: ಮೂರು ಪ್ಯಾಂಟು ಹಾಸಿಗೆ ಮೇಲೆ ಸಾಲಾಗಿ ಹಾಸಿ, ಪ್ರತಿ ಟಾಪನ್ನೂ ಒಂದೊಂದರ ಮೇಲೆ ಇಟ್ಟು ನೋಡಿ. ಒಂದು ಪ್ಯಾಂಟಿಗೆ ಹೊಂದದ ಟಾಪು ಕಪಾಟಿಗೆ ವಾಪಸ್, ಎಷ್ಟೇ ಪ್ರೀತಿಯದಾದರೂ. ಐದೂ ತೇರ್ಗಡೆಯಾದರೆ ಐದು ಮೂರಲ ಹದಿನೈದು ಜೋಡಿ. ಹತ್ತು ದಿನದ ಫೋಟೋಗಳಲ್ಲಿ ಒಂದೇ ಜೋಡಿ ಎರಡು ಸಲ ಬರುವುದಿಲ್ಲ.

ಕುರ್ತಿ ಒಯ್ಯುವುದಾದರೆ ಮೊಣಕಾಲಿಗಿಂತ ಮೇಲೆ ನಿಲ್ಲುವ ಗಿಡ್ಡ ಕುರ್ತಿ ಇರಲಿ. ಉದ್ದ ಕುರ್ತಿಗೆ ಲೆಗ್ಗಿಂಗೇ ಬೇಕು, ಲೆಕ್ಕ ಕೆಡುತ್ತದೆ. ರೇಯಾನ್ ಕುರ್ತಿಯನ್ನು ಒಗೆದಾಗ ಹಿಂಡಬೇಡಿ. ಒದ್ದೆಯಾದಾಗ ಅದರ ಎಳೆ ದುರ್ಬಲ, ಆಕಾರ ಕೆಡುತ್ತದೆ.

ಗಂಡಸರಿಗೂ ಇದೇ ಲೆಕ್ಕ: ಎರಡು ಅರ್ಧ ತೋಳಿನ ಶರ್ಟು, ಒಂದು ಪೂರ್ಣ ತೋಳಿನದು, ಎರಡು ಕಾಲರ್ ಇರುವ ಟೀ ಶರ್ಟು. ಟೂರ್ ಕಂಪನಿ ಪುಕ್ಕಟೆ ಕೊಟ್ಟ ಟೀ ಶರ್ಟು ರಾತ್ರಿ ಮಲಗಲಿಕ್ಕೆ.

ಒಂದು ಡ್ರೆಸ್ ಅಥವಾ ಒಂದು ಸೀರೆ

ಎರಡೂ ಅಲ್ಲ. ಜೂನ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತಾಗುತ್ತ ಬಂದಿರುತ್ತದೆ. ಊಟಕ್ಕೆ ಹೊರಟಾಗ ಇನ್ನೂ ಬಿಸಿಲು. ಮಿಣಮಿಣ ಮಿಂಚುವ ಪಾರ್ಟಿ ಉಡುಗೆ ಆ ಬೆಳಕಿಗೆ ಹೊಂದದು. ಮೊಣಕಾಲು ಮುಚ್ಚುವ, ತೋಳಿರುವ ಪ್ಲೇನ್ ಡ್ರೆಸ್ ಆದರೆ ಊಟಕ್ಕೂ ಆಯಿತು, ವ್ಯಾಟಿಕನ್‌ನ ಸೇಂಟ್ ಪೀಟರ್ಸ್‌ಗೂ ಆಯಿತು. ಅಲ್ಲಿ ಭುಜ, ಮೊಣಕಾಲು ಮುಚ್ಚಿರದಿದ್ದರೆ ಬಾಗಿಲಲ್ಲೇ ತಡೆಯುತ್ತಾರೆ, ಗಂಡಸರ ಚಡ್ಡಿಗೂ ಅದೇ ನಿಯಮ. ಸೀರೆಯಾದರೆ ಜಾರ್ಜೆಟ್ ಅಥವಾ ಕ್ರೇಪ್. ಗಂಜಿ ಹಾಕುವ ಹತ್ತಿ ಸೀರೆಯೂ ಬೇಡ, ಜರಿ ರೇಷ್ಮೆಯೂ ಬೇಡ. ಒಂದನ್ನೇ ಹತ್ತು ಥರ ಉಡಬಹುದು ಎಂದು ಮಾರುವ ಕಟ್ಟು ಡ್ರೆಸ್ಸುಗಳಲ್ಲಿ ಎಂಟು ಥರ ಉಟ್ಟರೆ ಜಾರುತ್ತವೆ.

ಚಳಿಗೆ ಪದರು

ಒಂದು ದಪ್ಪ ಉಣ್ಣೆ ಕೋಟಿಗಿಂತ ಮೂರು ತೆಳು ಪದರು ಮೇಲು: ಮೈಗಂಟುವ ಥರ್ಮಲ್, ಅದರ ಮೇಲೆ ಮುಷ್ಟಿಗಾತ್ರಕ್ಕೆ ಮಡಚುವ ಹತ್ತಿರ ಹತ್ತಿರ 300 ಗ್ರಾಮಿನ ಪಫರ್ ಜಾಕೆಟ್, ಎಲ್ಲಕ್ಕಿಂತ ಮೇಲೆ ಗಾಳಿ ಮಳೆ ತಡೆಯುವ ತೆಳು ಶೆಲ್. ಪದರುಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಪ್ಯಾರಿಸ್ ಮಳೆಗೆ ಶೆಲ್ ಒಂದೇ, ರಾತ್ರಿಯ ತಂಪಿಗೆ ಪಫರ್ ಒಂದೇ. ನಮ್ಮ ಮಳೆಗಾಲದ ಪ್ಲಾಸ್ಟಿಕ್ ರೇನ್‌ಕೋಟ್ ಒಯ್ಯಬೇಡಿ, ಒಳಗೆ ಬೆವರು ಸುರಿಯುತ್ತದೆ. ಮೂಲ ಬಣ್ಣದ ಒಂದು ದೊಡ್ಡ ಸ್ಟೋಲ್ ಇರಲಿ. ವಿಮಾನದಲ್ಲಿ ಹೊದಿಕೆ, ಚರ್ಚಿನಲ್ಲಿ ಭುಜಕ್ಕೆ, ಬೆಟ್ಟದಲ್ಲಿ ಕಿವಿಗೆ. ಹಿಮದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ತಂಪು ಕನ್ನಡಕ ಮರೆಯಬೇಡಿ.

ಒಗೆಯುವ ಯೋಚನೆ

ಒಳಉಡುಪು ಆರು, ಕಾಲುಚೀಲ ನಾಲ್ಕು ಜೊತೆ ಸಾಕು, ನಡುವೆ ಎರಡು ಸಲ ಒಗೆಯುವುದಾದರೆ. ಸ್ನಾನದ ಮನೆಯ ಸಿಂಕಿನಲ್ಲಿ ಒಗೆದು, ಹೋಟೆಲಿನ ಒಣ ಟವೆಲಿನ ಮೇಲೆ ಹಾಸಿ, ಟವೆಲ್ ಸಮೇತ ಚಾಪೆಯಂತೆ ಸುತ್ತಿ ಅದರ ಮೇಲೆ ನಿಂತು ತುಳಿಯಿರಿ. ಅರ್ಧ ನೀರು ಟವೆಲಿಗೆ ಹೋಗುತ್ತದೆ. ನಾಲ್ಕು ಮೀಟರ್ ನೈಲಾನ್ ಹಗ್ಗ, ಆರು ಕ್ಲಿಪ್. ಯಾವ ಬಟ್ಟೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ ಎಂಬುದನ್ನು ಇಲ್ಲೇ ಪರೀಕ್ಷಿಸಬಹುದು. ಫ್ಯಾನ್ ಹಾಕದೆ ಕೋಣೆಯಲ್ಲಿ ಹರವಿ. ಮುಂಬಯಿಯ ಸೆಕೆಯಲ್ಲಿ ಬೆಳಗಾಗುವಷ್ಟರಲ್ಲಿ ಒಣಗಿದ್ದು ಅಲ್ಲೂ ಒಣಗಬಹುದು.

ಮಡಚುವುದು, ತುಂಬುವುದು

ಟೀ ಶರ್ಟಿನಂಥ ಹೆಣೆದ ಬಟ್ಟೆ ಸುರುಳಿ, ಶರ್ಟು ಪ್ಯಾಂಟಿನಂಥ ನೇಯ್ದ ಬಟ್ಟೆ ಚಪ್ಪಟೆ. ಇಷ್ಟೇ. ಪ್ಯಾಕಿಂಗ್ ಕ್ಯೂಬ್ (ಬಟ್ಟೆ ವಿಂಗಡಿಸಿಡುವ ಜಿಪ್ ಚೀಲ) ಎಂದು ದುಡ್ಡು ಸುರಿಯುವ ಮೊದಲು ಕಪಾಟು ತೆರೆದು ನೋಡಿ. ದಾದರ್‌ನಲ್ಲಿ ಡಜನ್ ಲೆಕ್ಕದಲ್ಲಿ ಸಿಗುವ ಜಿಪ್ ಇರುವ ಸೀರೆ ಕವರ್ ಅದೇ ಕೆಲಸ ಮಾಡುತ್ತದೆ, ಒಳಗಿರುವುದೂ ಕಾಣುತ್ತದೆ. ಗಾಳಿ ಹೀರುವ ವ್ಯಾಕ್ಯೂಮ್ ಚೀಲಗಳಿಗೆ ಮರುಳಾಗಬೇಡಿ. ಜಾಗ ಕಡಿಮೆಯಾಗುತ್ತದೆ, ತೂಕ ಒಂದು ಗ್ರಾಮೂ ಇಳಿಯುವುದಿಲ್ಲ. ಬಟ್ಟೆಯೋ ಹಪ್ಪಳದಂತೆ ಗೆರೆಗೆರೆ.

ಜೂನ್ ಮೊದಲ ಮಳೆಯ ನಂತರ ಹೊರಡುವವರು ಎರಡು ವಿಷಯ ನೆನಪಿಡಿ. ಅಟ್ಟದಿಂದ ಇಳಿಸಿದ ಬ್ಯಾಗನ್ನು ಒಂದು ಬಿಸಿಲು ದಿನ ಬಾಯಿ ತೆರೆದು ಇಡಿ, ಇಲ್ಲದಿದ್ದರೆ ಬೂಸಲು ವಾಸನೆ ಬಟ್ಟೆಗೆ ಹತ್ತುತ್ತದೆ. ಇಸ್ತ್ರಿವಾಲಾ ತಂದುಕೊಟ್ಟ ಬಿಸಿ ಬಟ್ಟೆಯನ್ನು ಹಾಗೇ ತುಂಬಬೇಡಿ. ಮಡಿಕೆಯೊಳಗೆ ಉಳಿದ ಆವಿ ಮೂರು ದಿನದಲ್ಲಿ ಮುಗ್ಗಲಾಗುತ್ತದೆ. ಎರಡು ಗಂಟೆ ಫ್ಯಾನಿನಡಿ ಹರವಿ, ಆಮೇಲೆ ತುಂಬಿ.

ಚಟ್ನಿಪುಡಿ, ಹಚ್ಚಿದ ಅವಲಕ್ಕಿ ಒಯ್ಯುತ್ತೀರಿ, ಬೇಡ ಎಂದರೂ ಕೇಳುವುದಿಲ್ಲ. ಬಟ್ಟೆಯಿಂದ ದೂರ, ಎರಡು ಚೀಲದೊಳಗೆ ಇರಲಿ. ತುಪ್ಪ, ಪೇಡ ಮಾತ್ರ ಬೇಡ. ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ.

ವಿಮಾನಕ್ಕೆ ಸ್ನೀಕರ್ ಕಾಲಲ್ಲಿ, ಪಫರ್ ಕೈಯಲ್ಲಿ, ಜೀನ್ಸ್ ಇದ್ದರೆ ಮೈಮೇಲೆ. ಒಂದು ಪೂರ್ತಿ ಜೊತೆ ಬಟ್ಟೆ, ಔಷಧಿ ಮತ್ತು ಪವರ್ ಬ್ಯಾಂಕ್ ಕ್ಯಾಬಿನ್ ಚೀಲದಲ್ಲಿ. ಪವರ್ ಬ್ಯಾಂಕನ್ನು ಚೆಕ್ ಇನ್ ಬ್ಯಾಗಿಗೆ ಹಾಕುವಂತೆಯೇ ಇಲ್ಲ. ದೊಡ್ಡ ಬ್ಯಾಗು ಬರಲು ತಡವಾದರೆ ಆ ಒಂದು ಜೊತೆ ಕಾಪಾಡುತ್ತದೆ. ಯುರೋಪಿನೊಳಗೆ ಅಗ್ಗದ ವಿಮಾನ ಹಿಡಿಯುವುದಿದ್ದರೆ ಟಿಕೆಟಿನ ಮೇಲಿನ ಬ್ಯಾಗಿನ ಅಳತೆಯನ್ನು ಟೇಪು ಹಿಡಿದು ಹೊಂದಿಸಿ ನೋಡಿ, ಕಣ್ಣಂದಾಜು ಸಾಲದು.

ತೂಕ ನೋಡಿ. ಕೊಕ್ಕೆಯ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಬೀದಿಯ ರದ್ದಿವಾಲಾನ ಹತ್ತಿರ ಇರುತ್ತದೆ, ಆದರೆ ಅವನ ಕೆಜಿ ಯಾವತ್ತೂ ಅವನ ಕಡೆಗೇ ವಾಲುತ್ತದೆ. ಮೇಲಿನ ಲೆಕ್ಕದ ಬಟ್ಟೆ, ಸ್ಯಾಂಡಲ್ ಎಲ್ಲ ಸೇರಿ ಐದು ಕೆಜಿ ಮೀರಬಾರದು. ಬ್ಯಾಗನ್ನು ಎತ್ತಿಕೊಂಡು ನಿಮ್ಮ ಕಟ್ಟಡದ ಮೆಟ್ಟಿಲು ಎರಡು ಮಹಡಿ ಹತ್ತಿ. ಯುರೋಪಿನ ಹಳೇ ಹೋಟೆಲುಗಳ ಲಿಫ್ಟಿನಲ್ಲಿ ಒಬ್ಬರು ನಿಂತರೆ ಬ್ಯಾಗು ಹೊರಗೇ, ಸಣ್ಣ ಸ್ಟೇಷನ್ನುಗಳಲ್ಲಿ ಕೂಲಿಯವರು ಸಿಗುವುದಿಲ್ಲ. ಎರಡನೇ ಮಹಡಿಗೆ ಏದುಸಿರು ಬಂದರೆ ಬ್ಯಾಗು ತೆರೆದು, ಮೂರನೇ ಜೊತೆ ಚಪ್ಪಲಿ ಎಲ್ಲಿ ನುಸುಳಿದೆ ಎಂದು ಹುಡುಕಿ.